ಪಂಚಮ ಇಲ್ಲೆ, ಭಾವ!

ರಾಗದ ಹೆಸರನ್ನು ಎಲ್ಲರಿಗಿಂತ ಮೊದಲು ಹೇಳಿಬಿಡಬೇಕೆಂಬ ಹಟವಿರುವವರ ಪಕ್ಕದಲ್ಲಿ ಕುಳಿತು ಗಾಯನ ಕೇಳುವುದಕ್ಕೆ ಸಂಗೀತದ ಆಸಕ್ತಿಗಿಂತ ಹೆಚ್ಚಾಗಿ ನೆಂಟಸ್ತಿಕೆಯ ಮೇಲಿನ ಗೌರವ ಬೇಕಾಗುತ್ತದೆ. ಕಳೆದ ಶನಿವಾರ ಶಿರಸಿಯ ಸಮೀಪದ ತೋಟದ ಮನೆಯೊಂದರಲ್ಲಿ ನಡೆದ ಬೈಠಕ್‌ನಲ್ಲಿ ನನ್ನ ಆ ಗೌರವ ತಳ ಕಾಣುವ ಸ್ಥಿತಿಗೆ ಬಂದಿತ್ತು. ಮನೆಯ ಬೈಠಕ್ ಆದ್ದರಿಂದ ಸ್ವಾಗತ, ಪ್ರಾಸ್ತಾವಿಕ, ಸನ್ಮಾನ, ಸನ್ಮಾನಿತರ ಮಾತು, ಸನ್ಮಾನಿತರ ಮಾತಿನ ಬಗ್ಗೆ ಅಧ್ಯಕ್ಷರ ಮಾತು ಇವು ಯಾವುವೂ ಇರಲಿಲ್ಲ. ಸಂಜೆಯ ರಾಗವನ್ನು ಸಂಜೆಯೇ ಕೇಳುವ ಭಾಗ್ಯ ನಮ್ಮ ಕಡೆ ಅಪರೂಪವಾದ್ದರಿಂದ ಬಹಳ ಹುಮ್ಮಸ್ಸಿನಿಂದ ಹೋಗಿ ಜಮಖಾನೆಯ ಮೇಲೆ ಒಳ್ಳೆಯ ಜಾಗ ಹಿಡಿದು ಕುಳಿತಿದ್ದೆ. ಅಷ್ಟರಲ್ಲಿ ಭಾವ ಬಂದು ಪಕ್ಕದಲ್ಲೇ ಕುಳಿತರು.

ಭಾವ ಎಂದರೆ ದೂರದ ಸಂಬಂಧದಲ್ಲಿ ಭಾವ; ಅವರಿಗೆ ನಾನೂ ಭಾವನೇ. ವಯಸ್ಸಿನಲ್ಲಿ ನನಗಿಂತ ಬಹಳ ಹಿರಿಯರು. ಅವರ ಸಂಗೀತ ಜ್ಞಾನವನ್ನು ಹಗುರವಾಗಿ ಕಾಣುವಂತಿಲ್ಲ. ಹುಬ್ಬಳ್ಳಿ, ಧಾರವಾಡಗಳಲ್ಲಿ ದೊಡ್ಡ ಗಾಯಕರು ಬರುತ್ತಾರೆಂದು ತಿಳಿದರೆ ಅಡಿಕೆ ಕೊಯ್ಲನ್ನೂ ಮುಂದೂಡಿ ಬಸ್ಸು ಹತ್ತುತ್ತಿದ್ದವರು. ಕೇಳಿದ್ದು ಅಪಾರ, ಮರೆತದ್ದು ಕಡಿಮೆ. ಆದರೆ ಆ ಜ್ಞಾನವನ್ನು ಅವರು ಒಬ್ಬರೇ ಇಟ್ಟುಕೊಳ್ಳಲಾರರು. ಹಾಡು ಶುರುವಾದ ಕೂಡಲೇ ಅದು ಇನ್ನೊಬ್ಬರ ಕಿವಿಗೆ ವರ್ಗಾವಣೆಯಾಗಲೇಬೇಕು. ಅಂದು ಆ ಕಿವಿ ನನ್ನದಾಗಿತ್ತು.

ಭಾವ ಹಾಡು ಶುರುವಾಗುವವರೆಗೂ ಕಾಯಲಿಲ್ಲ. ಹೊರಗೆ ಮಳೆ ಸುರಿಯುತ್ತಿತ್ತು, ಥಂಡಿಗೆ ತಬಲಾದ ಚರ್ಮ ಸಡಿಲವಾಗಿ ತಬಲಾದವರು ಸುತ್ತಿಗೆ ಹಿಡಿದು ಗಟ್ಟಾ ಎಂಬ ಮರದ ತುಂಡುಗಳನ್ನು ಒಂದೊಂದಾಗಿ ಬಡಿಯುತ್ತಿದ್ದರು. ಗಾಯಕರು ತಂಬೂರಿಯನ್ನು ಶ್ರುತಿ ಮಾಡುತ್ತ, ಸಾಮಾನ್ಯವಾಗಿ ಪಂಚಮಕ್ಕೆ ಸೇರಿಸುವ ಮೊದಲ ತಂತಿಯನ್ನು ನಿಷಾದಕ್ಕೆ ಸೇರಿಸತೊಡಗಿದರು. ಭಾವನ ಬೆನ್ನು ನೆಟ್ಟಗಾಯಿತು. ನನ್ನ ಮೊಣಕಾಲನ್ನು ಗಟ್ಟಿಯಾಗಿ ಹಿಡಿದುಕೊಂಡು, "ಪಂಚಮ ಇಲ್ಲೆ, ಭಾವ!" ಎಂದರು. ತಂಬೂರಿಯ ಒಂದು ತಂತಿಯನ್ನು ಕೇಳಿ ಬರಲಿರುವ ರಾಗದಲ್ಲಿ ಯಾವ ಸ್ವರ ಇರುವುದಿಲ್ಲವೆಂದು ಊಹಿಸುವುದು ಸಣ್ಣ ವಿದ್ಯೆಯಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಅದನ್ನು ತಬಲಾದವರೂ ತಲೆಯೆತ್ತಿ ನೋಡುವಷ್ಟು ಗಟ್ಟಿಯಾಗಿ ಹೇಳಬೇಕಿರಲಿಲ್ಲ. ಭಾವನಿಗೆ ಈಚೆಗೆ ಕಿವಿ ಸ್ವಲ್ಪ ಮಂದವಾಗಿರುವುದರಿಂದ ಅವರ ಪಿಸುಮಾತು ಅವರಿಗೇ ಕೇಳಬೇಕಾದರೆ ನಾಲ್ಕು ಸಾಲು ಹಿಂದಿನವರಿಗೂ ಕೇಳಲೇಬೇಕಾಗುತ್ತದೆ.

ಸಂಜೆಯ ಹೊತ್ತು, ಪಂಚಮವಿಲ್ಲದ ರಾಗ. ಇಲ್ಲಿಂದ ಮುಂದಿನ ತೊಡಕನ್ನು ಬಲ್ಲವರು ಬಲ್ಲರು. ಪೂರಿಯಾ, ಮಾರವಾ, ಸೋಹನಿ ಈ ಮೂರೂ ರಾಗಗಳಲ್ಲಿ ಸ್ವರಗಳು ಅವೇ: ಕೋಮಲ ರಿಷಭ, ತೀವ್ರ ಮಧ್ಯಮ, ಉಳಿದವು ಶುದ್ಧ. ಹಿಂದೂಸ್ತಾನಿ ರಾಗಗಳನ್ನು ಥಾಟುಗಳೆಂಬ ಗುಂಪುಗಳಾಗಿ ವಿಂಗಡಿಸಿದ ಭಾತಖಂಡೆಯವರು ಮೂರನ್ನೂ ಮಾರವಾ ಥಾಟಿನಲ್ಲಿಯೇ ಕೂರಿಸಿದ್ದಾರೆ. ವ್ಯತ್ಯಾಸವಿರುವುದು ಗಾಯಕರು ಎಲ್ಲಿ ನಿಲ್ಲುತ್ತಾರೆ, ಎಲ್ಲಿ ಸುತ್ತಾಡುತ್ತಾರೆ ಎಂಬುದರಲ್ಲಿ. ಪೂರಿಯಾ ಮಂದ್ರದ, ಎಂದರೆ ಕೆಳಗಿನ ಸ್ಥಾಯಿಯ, ಕಡೆಗೆ ಇಳಿದು ಗಾಂಧಾರ, ನಿಷಾದಗಳಲ್ಲಿ ವಿಶ್ರಮಿಸುತ್ತದೆ. ಮಾರವಾ ರಿಷಭ, ಧೈವತಗಳನ್ನು ಹಿಡಿದುಕೊಂಡು ಷಡ್ಜಕ್ಕೆ ಬರಲು ಸತಾಯಿಸುತ್ತದೆ. ಸೋಹನಿಗೆ ತಾರಷಡ್ಜದ, ಎಂದರೆ ಮೇಲಿನ ಸ್ಥಾಯಿಯ ಷಡ್ಜದ, ಆಸುಪಾಸಿನಲ್ಲೇ ಮನೆ. ಗಾಯಕರಾದವರು ಅವೇ ಸ್ವರಗಳಿಂದ ಬೇರೆಯದೇ ಲೋಕವನ್ನು ಸ್ವಲ್ಪಸ್ವಲ್ಪವಾಗಿ ಕಟ್ಟುವುದನ್ನು ನೋಡುವುದಕ್ಕೇ ನಾವು ಮಳೆಯಲ್ಲಿ ನೆನೆದುಕೊಂಡು ಬಂದಿರುತ್ತೇವೆ. ಅವರು ಮುಂದಿನ ಸ್ವರವನ್ನು ಬೇಕೆಂದೇ ತಡೆಹಿಡಿದಿರುವಾಗ ಪಕ್ಕದವರು ಫಲಿತಾಂಶ ಪ್ರಕಟಿಸಿಬಿಟ್ಟರೆ ಆ ಮಧುರವಾದ ಕಾಯುವಿಕೆ ಅಲ್ಲಿಗೇ ಮುಗಿಯುತ್ತದೆ.

ಮಂದ್ರದ ನಿಷಾದದಲ್ಲಿ ಗಾಯಕರು ನಿಂತ ಕೂಡಲೇ, "ಪೂರಿಯಾನೇಯ" ಎಂಬ ತೀರ್ಪು ಬಂತು. ನಾನು ತಲೆಯಾಡಿಸಿದೆ. ವಿಲಂಬಿತ ಏಕತಾಳ ಶುರುವಾಯಿತು. ಹನ್ನೆರಡು ಮಾತ್ರೆಗಳ ಒಂದು ಆವರ್ತನ ಮುಗಿಯಲು ಒಂದು ನಿಮಿಷದಷ್ಟು ಹಿಡಿಯುವ ನಿಧಾನಗತಿ ಅದು. ಅಷ್ಟು ದೀರ್ಘಕಾಲ ಗಾಯಕರು ಎಲ್ಲೆಲ್ಲಿಯೋ ಅಲೆದು, ಹಾಡಿನ ಮೊದಲ ತುಣುಕಾದ ಮುಖಡಾ ಹಿಡಿದು ಸರಿಯಾಗಿ ಸಮ್‌ಗೆ, ಎಂದರೆ ಆವರ್ತನದ ಮೊದಲ ಮಾತ್ರೆಗೆ, ಬಂದು ಇಳಿಯುವ ಕ್ಷಣದಲ್ಲಿ ಇಡೀ ಜಗಲಿಯ ತಲೆಗಳು ಒಟ್ಟಿಗೆ ತೂಗುತ್ತವೆ. ಭಾವನಿಗೆ ಮಾತು ಹೊಳೆಯುತ್ತಿದ್ದದ್ದು ಅದೇ ಕ್ಷಣದಲ್ಲಿ. ಆವರ್ತನದ ಉಳಿದ ಹನ್ನೊಂದು ಮಾತ್ರೆಗಳಲ್ಲಿ ಅವರು ಮೌನವಾಗಿಯೇ ಇರುತ್ತಿದ್ದರು. ಸಮ್ ಬಂತೆಂದರೆ ತಬಲಾದ 'ಧಿಂ' ಮತ್ತು ಭಾವನ "ಅಲ್ಲ ಭಾವ, ಮಾರವಾ" ಒಟ್ಟಿಗೆ ನನ್ನ ಬಲಗಿವಿಗೆ ಬಂದು ಬೀಳುತ್ತಿದ್ದವು. ಅವರ ತಾಳಜ್ಞಾನ ಅಷ್ಟು ಖಚಿತವಾದದ್ದು. ಮುಂದಿನ ಆವರ್ತನದ ಸಮ್‌ಗೆ "ಧೈವತ ಕೇಳು!" ಅದರ ಮುಂದಿನದಕ್ಕೆ "ಛೇ, ಪೂರಿಯಾನೇಯ." ಆಮೇಲಿನ ದ್ರುತ್ ಬಂದಿಶ್‌ನಲ್ಲಿ, ಎಂದರೆ ವೇಗದ ಹಾಡಿನಲ್ಲಿ, ಗಾಯಕರು ತಾರಷಡ್ಜವನ್ನು ಮುಟ್ಟಿದಾಗ, ನಾನು ಹೆದರಿದ್ದಂತೆಯೇ, "ಸೋಹನಿ!" ಎಂದು ಬಿಟ್ಟರು. ಸೋಹನಿ ಇರುಳಿನ ಕೊನೆಯ ಜಾವದ ರಾಗ, ಈಗಿನ್ನೂ ಏಳೂವರೆ ಗಂಟೆ ಎಂದು ಕೈಗಡಿಯಾರ ತೋರಿಸಿದೆ. "ಈಗಿನವ್ಕೆ ಹೊತ್ತು ಗೊತ್ತು ಎಂತದೂ ಇಲ್ಲೆ" ಎಂದರು.

ನನಗೆ ಹೊಳೆದ ಒಂದೇ ಉಪಾಯವೆಂದರೆ ಕವಳ, ನಮ್ಮ ಕಡೆಯ ಎಲೆಯಡಿಕೆ. ಬಾಯಲ್ಲಿ ರಸ ತುಂಬಿರುವ ಮನುಷ್ಯ ಮಾತನಾಡಬೇಕಾದರೆ ಗದ್ದ ಮೇಲೆತ್ತಬೇಕು, ಇಲ್ಲವೇ ಎದ್ದು ಅಂಗಳದಂಚಿಗೆ ಹೋಗಬೇಕು. ಎರಡೂ ಕಷ್ಟದ ಕೆಲಸ. ಕವಳದ ತಟ್ಟೆಯನ್ನು ಕೈಯಿಂದ ಕೈಗೆ ತರಿಸಿ ಅವರ ಮುಂದಿಟ್ಟೆ. ಭಾವ ಎಲೆಗೆ ಸುಣ್ಣ ಸವರಿ, ಅಡಿಕೆ, ತಂಬಾಕು ಸೇರಿಸಿ, ಮಡಚಿ ಬಾಯಿಗಿಟ್ಟ ಮೇಲೆ ನಾನು ಆ ಸಂಜೆಯ ಮೊದಲ ಸಮ್ ಅನ್ನು ಪೂರ್ತಿಯಾಗಿ ಕೇಳಿದೆ. ಆ ಸುಖ ಹೆಚ್ಚು ಹೊತ್ತು ಉಳಿಯಲಿಲ್ಲ. ಮುಂದಿನ ಸಮ್‌ಗೆ ಗದ್ದ ಮೇಲೇರಿ, ತುಟಿಗಳು ಒಂದಕ್ಕೊಂದು ತಾಗದಂತೆ, "ಊಇಯಾ" ಎಂಬ ಶಬ್ದ ಹೊರಬಂತು. ಅದು ಪೂರಿಯಾ ಎಂದು ನನಗೆ ತಿಳಿಯಿತು. ಆದರೂ ಎರಡನೆಯ ಕವಳಕ್ಕೆ ತಟ್ಟೆ ತರಿಸಿದೆ, ಮೂರನೆಯದಕ್ಕೂ.

ಹಾಡು ಮುಗಿದ ಮೇಲೆ ಗಾಯಕರು ಕಷಾಯದ ಲೋಟ ಹಿಡಿದುಕೊಂಡು, ಈಗ ಹಾಡಿದ್ದು ಪೂರಿಯಾ ಎಂದು ವಿನಯದಿಂದ ತಿಳಿಸಿದರು. ಭಾವ ಅಂಗಳದಂಚಿಗೆ ಹೋಗಿ ಬಂದು, ಸುತ್ತಲಿನವರನ್ನೆಲ್ಲ ನೋಡಿ, "ಆನು ಆಗ್ಲೇ ಹೇಳಿದ್ನಲ" ಎಂದರು. ಸುಳ್ಳಲ್ಲ. ಸಾಧ್ಯವಿದ್ದ ಎಲ್ಲ ಹೆಸರುಗಳನ್ನೂ ಹೇಳಿಟ್ಟವರು ಸೋಲುವುದಾದರೂ ಹೇಗೆ? ಧ್ವನಿಮುದ್ರಿಕೆಯ ಆರಂಭದ ದಿನಗಳಲ್ಲಾಗಿದ್ದರೆ ಭಾವನಿಗೆ ಇಷ್ಟು ಅವಕಾಶ ಸಿಗುತ್ತಿರಲಿಲ್ಲ. 1902ರಲ್ಲಿ ಕಲ್ಕತ್ತೆಯಲ್ಲಿ ಗಾಯಕಿ ಗೌಹರ್ ಜಾನ್ ಹಾಡಿದಾಗ ಗ್ರಾಮಫೋನ್ ತಟ್ಟೆಯೊಂದರಲ್ಲಿ ಹಿಡಿಯುತ್ತಿದ್ದದ್ದು ಸುಮಾರು ಮೂರು ನಿಮಿಷದ ಗಾಯನ ಮಾತ್ರ. ಆಕೆ ಕೊನೆಯಲ್ಲಿ ತನ್ನ ಹೆಸರನ್ನು ತಾನೇ ಇಂಗ್ಲಿಷಿನಲ್ಲಿ ಕೂಗಿ ಹೇಳಿ ಮುಗಿಸುತ್ತಿದ್ದಳು. ತಾಳಮದ್ದಲೆಗೆ ಭಾವನನ್ನು ಕರೆದುಕೊಂಡು ಹೋಗುವ ವಿಚಾರವಂತೂ ಬೇಡ. ಅಲ್ಲಿ ಕೃಷ್ಣ ಬಾಯಿ ತೆರೆಯುವ ಮೊದಲೇ ಕೌರವನಿಗೆ ಕೊಡಬೇಕಾದ ಉತ್ತರ ಇವರ ಬಾಯಿಂದ ಬಂದಿರುತ್ತದೆ.

ನಮ್ಮ ಆಯಿಗೆ ಒಂದು ರಾಗದ ಹೆಸರೂ ಗೊತ್ತಿರಲಿಲ್ಲ. ಧಾರವಾಡ ಆಕಾಶವಾಣಿಯಲ್ಲಿ ಗಾಯನ ಬರುವಾಗ ಅವಳು ಅಡುಗೆ ಒಲೆಯ ಮುಂದೆ ಇರುತ್ತಿದ್ದಳು; ನಿಲಯದವರು ರಾಗದ ಹೆಸರು ಹೇಳುವ ಹೊತ್ತಿಗೆ ಸರಿಯಾಗಿ ಊದುಗೊಳವೆ ಊದುತ್ತಿದ್ದಳೋ ಏನೋ, ಅವು ಅವಳ ಕಿವಿಗೆ ಬೀಳಲೇ ಇಲ್ಲ. ಸ್ವಲ್ಪ ಹೊತ್ತು ಕೇಳಿ, "ಇದು ನಮ್ಮ ಹಸೆಗೆ ಕರೆಯ ಹಾಡಿನ ಧಾಟಿ ಹಾಂಗೇ ಇದ್ದು" ಎನ್ನುತ್ತಿದ್ದಳು. ಮದುವೆ ಮನೆಗಳಲ್ಲಿ ಒಂದೇ ಹಾಡನ್ನು ಒಂದೊಂದು ಸಲ ಒಂದೊಂದು ಧಾಟಿಯಲ್ಲಿ ಎತ್ತಿಕೊಳ್ಳುತ್ತಿದ್ದಳು, ಎಲ್ಲಿಂದ ತಂದೆ ಎಂದು ಕೇಳಿದರೆ ನಗುತ್ತಿದ್ದಳು. ಆ ಧಾಟಿಗಳಲ್ಲಿ ಕೆಲವು ಈಗಲೂ ನನಗೆ ನೆನಪಿವೆ, ಬಹಳಷ್ಟು ಅವಳೊಂದಿಗೇ ಹೋದವು. ನೆನಪಿರುವುದರಲ್ಲಿ ಒಂದನ್ನು ಭಾವನ ಮುಂದೆ ಗುನುಗಿದರೆ ಅದಕ್ಕೂ ಒಂದು ಹೆಸರು ಸಿಗಬಹುದು. ಈವರೆಗೆ ಗುನುಗಿಲ್ಲ, ಇನ್ನು ಮುಂದೆಯೂ ಗುನುಗುವುದಿಲ್ಲ.

ಕೊನೆಯಲ್ಲಿ ಭೈರವಿ ಬಂತು. ಬೈಠಕ್ ಮುಗಿಯುವುದೇ ಭೈರವಿಯಿಂದ ಎಂಬುದು ಕಾಫಿ ಕೊಡುವ ಹುಡುಗರಿಗೂ ತಿಳಿದಿರುವ ಸಂಗತಿಯಾದ್ದರಿಂದ, ಅದರ ಹೆಸರು ಹೇಳುವುದರಲ್ಲಿ ಭಾವನಿಗೆ ಯಾವ ಪ್ರತಿಷ್ಠೆಯೂ ಕಾಣಲಿಲ್ಲ; ಅವರು ಕೊಡೆ ಹುಡುಕಲು ಎದ್ದು ಹೋದರು. ಹಾಗಾಗಿ ಇಡೀ ಸಂಜೆಯಲ್ಲಿ ನಾನು ಅಡಚಣೆಯಿಲ್ಲದೆ ಕೇಳಿದ್ದು ಆ ಭೈರವಿಯೊಂದನ್ನೇ. ಅವರನ್ನು ಮನೆಗೆ ಬಿಡುವ ಜವಾಬ್ದಾರಿ ಹೇಗೂ ನನ್ನ ಕಾರಿನದೇ ಆಗಿತ್ತು. ದಾರಿಯಲ್ಲಿ, ಮುಂದಿನ ಬೈಠಕ್ ಯಲ್ಲಾಪುರದ ಬದಿಗೆ ಇದೆಯಂತೆ, ಬೇಗ ಹೋಗಿ ನನಗೂ ತಮ್ಮ ಪಕ್ಕದಲ್ಲಿ ಜಾಗ ಹಿಡಿದಿಡುತ್ತೇನೆ ಎಂದು ಬಹಳ ಪ್ರೀತಿಯಿಂದ ಹೇಳಿದರು. ಅಂಥ ಪ್ರೀತಿಗೆ ಬೇಡವೆನ್ನಲು ನನ್ನಿಂದಾಗಲಿಲ್ಲ. ಹಿಡಿಯುವುದಾದರೆ ಕವಳದ ತಟ್ಟೆಯ ಹತ್ತಿರವೇ ಹಿಡಿಯಿರಿ ಎಂದೆ.

ಭಾವ ತಿರುಗಿ ನನ್ನನ್ನು ಕನಿಕರದಿಂದ ನೋಡಿದರು. "ನಿಂಗೂ ಕವಳದ ಚಟ ಶುರುವಾತಾ, ಭಾವ?"