ಜೋಯಿಸರು ಮೂವರು ಅಂತ ಬೈಬಲ್‌ನ ಯಾವ ವಚನದಲ್ಲಿದೆ?

ನಿನ್ನೆಯಿಂದ ಮನಸ್ಸು ಕುದಿಯುತ್ತಿದೆ. ಬರೆದೇ ಬಿಡುತ್ತೇನೆ.

ಭಾನುವಾರ ಆರಾಧನೆ ಮುಗಿಸಿಕೊಂಡು ಹಾಸನದಿಂದ ಸೀದಾ ಮೂಡಿಗೆರೆಗೆ ಹೋಗಿದ್ದೆ, ತಂಗಿ ಮನೆಗೆ. ಅವಳು ಇಬ್ಬರು ಮಕ್ಕಳಿಗೂ ಮನೆಯಲ್ಲೇ ಪಾಠ ಹೇಳಿಕೊಡುತ್ತಿರುವುದು ನಿಮಗೆಲ್ಲ ಗೊತ್ತೇ ಇದೆ. ಮಳೆ ಹಿಡಿದರೆ ಎಸ್ಟೇಟ್ ರಸ್ತೆಗೆ ಸ್ಕೂಲ್ ವ್ಯಾನ್ ಬರುವುದಿಲ್ಲ, ಅದಕ್ಕೆ ಈ ನಿರ್ಧಾರ. ಅದರ ಬಗ್ಗೆ ನನ್ನ ತಕರಾರು ಇಲ್ಲ. ತಕರಾರು ಇರುವುದು ಕೊರಿಯರ್‌ನಲ್ಲಿ ಬಂದ ಆ ದಪ್ಪ ಇಂಗ್ಲಿಷ್ ಪುಸ್ತಕದ ಮೇಲೆ. 'ಬೈಬಲ್ ಇತಿಹಾಸ' ಅಂತ ಪಠ್ಯಪುಸ್ತಕ. ಜೊತೆಗೆ ಪರೀಕ್ಷೆ ಹಾಳೆ, ಉತ್ತರದ ಕೀ.

ಒಂಬತ್ತು ವರ್ಷದ ದೊಡ್ಡವಳು ಪರೀಕ್ಷೆ ಬರೆದಿದ್ದಳು. ಇಪ್ಪತ್ತಕ್ಕೆ ಹತ್ತೊಂಬತ್ತು. ಒಂದೇ ಪ್ರಶ್ನೆಗೆ ಕೆಂಪು ಇಂಕಿನ ಗೀಟು. ಪ್ರಶ್ನೆ: ಯೇಸುವನ್ನು ನೋಡಲು ಬಂದ ಜೋಯಿಸರು, ಅಂದರೆ ನಕ್ಷತ್ರ ನೋಡುವ ಜ್ಞಾನಿಗಳು, ಎಷ್ಟು ಜನ? ಮಗು ಬರೆದಿದ್ದು: 'ಎಷ್ಟು ಜನ ಅಂತ ಬರೆದಿಲ್ಲ.' ಕೀ ಹೇಳುವುದು: ಮೂವರು.

"ನಾನು ಎರಡು ಸಲ ಓದಿದೆ ದೊಡ್ಡಮ್ಮ" ಅಂತ ಅಜ್ಜಿಯ ಹಳೇ ಸತ್ಯವೇದ (ಕನ್ನಡ ಬೈಬಲ್) ತಂದು ತೊಡೆ ಮೇಲೆ ಬಿಡಿಸಿದಳು. ಮತ್ತಾಯನ ಸುವಾರ್ತೆ, ಎರಡನೇ ಅಧ್ಯಾಯ. ಒಂದೊಂದು ಸಾಲಿನ ಕೆಳಗೂ ಬೆರಳಿಟ್ಟು ತೋರಿಸಿದಳು. ಮೂಡಣ ದೇಶದಿಂದ ಜೋಯಿಸರು ಬಂದರು. ಚಿನ್ನ, ಧೂಪ, ರಕ್ತಬೋಳ ಕೊಟ್ಟರು. ಕಾಣಿಕೆ ಮೂರು. ಜನ ಎಷ್ಟು ಅಂತ ಎಲ್ಲೂ ಇಲ್ಲ. ಅವರು ರಾಜರು ಅಂತಲೂ ಇಲ್ಲ. ಅವರು ಬಂದದ್ದು ಕೊಟ್ಟಿಗೆಗೆ ಅಂತಲೂ ಇಲ್ಲ, 11ನೇ ವಚನದಲ್ಲಿ 'ಮನೆ' ಅಂತಲೇ ಇದೆ.

ಸತ್ಯವೇದ ಓದಿ ಸರಿಯಾಗಿ ಬರೆದ ಮಗುವಿಗೆ ತಪ್ಪು ಅಂತ ಗೀಟು! ಅದೂ ಸತ್ಯವೇದ ಕಲಿಸುವ ಪುಸ್ತಕದಿಂದ!

ಊಟ ಆದ ಮೇಲೆ ಪೆನ್ಸಿಲ್ ಹಿಡಿದು ಕೂತೆ. ಒಂದು ಕಡೆ ಆ ಪುಸ್ತಕ, ಇನ್ನೊಂದು ಕಡೆ ಅಮ್ಮನ ಸತ್ಯವೇದ. ದೀಪ ಹಚ್ಚುವ ಹೊತ್ತಾದರೂ ಏಳಲಿಲ್ಲ. ಪ್ರತಿ ಪುಟಕ್ಕೂ ಕೇಳಿದ್ದು ಒಂದೇ ಪ್ರಶ್ನೆ: ಇದು ಯಾವ ವಚನದಲ್ಲಿದೆ?

ಹವ್ವ ತಿಂದದ್ದು ಸೇಬು ಅಂತೆ. ಆದಿಕಾಂಡದಲ್ಲಿ ಬರೀ 'ಹಣ್ಣು'. ಆಮೇಲೆ ಉಟ್ಟುಕೊಂಡ ಎಲೆ ಮಾತ್ರ ಅಂಜೂರದ್ದು. ಪೌಲ ದಮಸ್ಕದ ದಾರಿಯಲ್ಲಿ ಕುದುರೆಯಿಂದ ಬಿದ್ದನಂತೆ. ಅಪೊಸ್ತಲರ ಕೃತ್ಯಗಳಲ್ಲಿ ಕುದುರೆಯೇ ಇಲ್ಲ. ಬೆತ್ಲೆಹೇಮಿನ ಛತ್ರದವನು ಬಾಗಿಲು ಹಾಕಿಕೊಂಡನಂತೆ. ಲೂಕನು ಅಂಥವನೊಬ್ಬನ ಹೆಸರೇ ಎತ್ತುವುದಿಲ್ಲ. ಜಾಗ ಇರಲಿಲ್ಲ, ಮಗುವನ್ನು ಗೋದಲಿಯಲ್ಲಿ ಮಲಗಿಸಿದರು, ಅಷ್ಟೇ. ಹಸುವಿಗೆ ಹುಲ್ಲು ಹಾಕುವ ಗೋದಲಿ ನಮ್ಮ ಮಲೆನಾಡಿನ ಮಕ್ಕಳಿಗೆ ಗೊತ್ತಿರುವ ವಸ್ತು. ಅದನ್ನು ತೋರಿಸಿದ್ದರೆ ಸಾಕಿತ್ತು.

ನೋಹನ ಪಾಠದಲ್ಲಿ 'ಎಲ್ಲ ಪ್ರಾಣಿಗಳೂ ಎರಡೆರಡು' ಅಂತ ಮುಗಿಸಿದ್ದಾರೆ. ಆದಿಕಾಂಡ 7:2 ನೋಡಿ. ಶುದ್ಧ ಪ್ರಾಣಿಗಳು ಏಳೇಳು ಜೋಡಿ. ಇದು ಸಣ್ಣ ವಿಷಯ ಅಲ್ಲ. ಪ್ರಳಯದ ನೀರು ಇಳಿದ ಮೇಲೆ ನೋಹ ಶುದ್ಧ ಪ್ರಾಣಿಗಳನ್ನೇ ಯಜ್ಞ ಮಾಡುತ್ತಾನೆ. ಒಂದೇ ಜೋಡಿ ಇದ್ದು ಅದನ್ನೂ ಯಜ್ಞಕ್ಕೆ ಕೊಟ್ಟರೆ ಆ ಸಂತತಿಯೇ ಮುಗಿದಂತೆ ಅಲ್ವಾ? ಮಗು ತಾನೇ ಯೋಚಿಸಿ ಹಿಡಿಯಬಹುದಾದ ಚಂದದ ವಿಷಯ. ಅದನ್ನೇ ತೆಗೆದುಬಿಟ್ಟಿದ್ದಾರೆ.

ಇನ್ನು ತಾರೀಖುಗಳು. ಸೃಷ್ಟಿ ಕ್ರಿ.ಪೂ. 4004 ಅಂತ ದೊಡ್ಡ ಅಕ್ಷರದಲ್ಲಿ ಅಚ್ಚಾಗಿದೆ. ಇದು ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಷರ್ ಹಾಕಿದ ಲೆಕ್ಕ. 1650ರಲ್ಲಿ ಪ್ರಕಟವಾಯಿತು. ಮುಂದೆ ಇಂಗ್ಲಿಷ್ ಬೈಬಲ್‌ಗಳ ಅಂಚಿನಲ್ಲಿ ಅಚ್ಚು ಹಾಕುತ್ತಾ ಬಂದದ್ದರಿಂದ ಜನ ಅದನ್ನೂ ವಚನ ಅಂತಲೇ ತಿಳಿದರು. ಅಷರ್ ದೊಡ್ಡ ವಿದ್ವಾಂಸ, ಲೆಕ್ಕ ಹಾಕಿದ್ದು ತಪ್ಪಲ್ಲ. ಆದರೆ ಅದು ಅವನ ಲೆಕ್ಕ ಅಂತ ಒಂದು ಸಾಲು ಬರೆಯಬೇಕಿತ್ತು. ಮೋಶೆಯ ಕಾಲದ ಫರೋಹನ (ಈಜಿಪ್ಟಿನ ಅರಸನ) ಹೆಸರು ರಾಮ್ಸೇಸ್ ಅಂತ ಖಚಿತವಾಗಿ ಬರೆದಿರುವುದೂ ಹೀಗೇ. ವಿಮೋಚನಕಾಂಡದಲ್ಲಿ ಆ ಫರೋಹನಿಗೆ ಹೆಸರೇ ಇಲ್ಲ. ಇರುವುದು ಇಸ್ರಾಯೇಲ್ಯರು ಕಟ್ಟಿದ ರಾಮ್ಸೇಸ್ ಎಂಬ ಊರಿನ ಹೆಸರು. ಅದರಿಂದ ವಿದ್ವಾಂಸರು ಊಹೆ ಮಾಡುತ್ತಾರೆ. ಊಹೆಯನ್ನು ಊಹೆ ಅಂತ ಹೇಳಲಿ.

ನನಗೆ ಎಲ್ಲಕ್ಕಿಂತ ಜಾಸ್ತಿ ನೋವಾದದ್ದು ಮಗ್ದಲದ ಮರಿಯಳ ಪಾಠ. 'ಕೆಟ್ಟ ಹೆಂಗಸಾಗಿದ್ದವಳು' ಅಂತ ಒಂಬತ್ತು ವರ್ಷದ ಮಕ್ಕಳಿಗೆ ಪರಿಚಯ ಮಾಡಿಕೊಡುತ್ತಾರೆ. ಲೂಕ 8:2 ಹೇಳುವುದು ಅವಳಿಂದ ಏಳು ದೆವ್ವಗಳು ಬಿಟ್ಟುಹೋಗಿದ್ದವು ಅಂತ. ಅದರ ಹಿಂದಿನ ಅಧ್ಯಾಯದಲ್ಲಿ ಯೇಸುವಿನ ಪಾದವನ್ನು ಕಣ್ಣೀರಿನಿಂದ ತೊಳೆದ ಪಾಪಿ ಹೆಂಗಸಿಗೆ ಹೆಸರೇ ಕೊಟ್ಟಿಲ್ಲ. ಪೋಪ್ ಒಂದನೇ ಗ್ರೆಗೊರಿ 591ರಲ್ಲಿ ಒಂದು ಪ್ರಸಂಗದಲ್ಲಿ ಇಬ್ಬರನ್ನೂ ಒಬ್ಬಳೇ ಅಂದರು. ಆ ಮಾತು ಹದಿನಾಲ್ಕು ಶತಮಾನ ಅವಳ ಬೆನ್ನು ಬಿಡಲಿಲ್ಲ. ಶಿಲುಬೆಯ ಹತ್ತಿರ ನಿಂತವಳು, ಎದ್ದುಬಂದ ಯೇಸುವನ್ನು ಕಂಡು ಉಳಿದವರಿಗೆ ಸುದ್ದಿ ತಂದವಳು. ವಚನವೇ ಇಲ್ಲದೆ ಒಬ್ಬ ಹೆಣ್ಣುಮಗಳ ಮೇಲೆ ಇಂಥ ಮಾತು ಹೊರಿಸುವುದೇ? ಅದನ್ನು ಪರೀಕ್ಷೆಗೂ ಕೇಳುವುದೇ?

ಒಳ್ಳೆಯದು ಇಲ್ಲವೇ ಅಂದರೆ ಇದೆ. ಅರಸುಗಳ ಭಾಗ ಚೆನ್ನಾಗಿದೆ. ಇಸ್ರಾಯೇಲಿನ ರಾಜಧಾನಿ ಸಮಾರ್ಯ ಬಿದ್ದದ್ದು ಕ್ರಿ.ಪೂ. 722, ಯೆರೂಸಲೇಮ್ ಬಿದ್ದದ್ದು 586, ಎರಡೂ ಸರಿ. ಅಶ್ಶೂರದ ಅರಸ ಸನ್ಹೇರೀಬ ತನ್ನ ಶಾಸನದಲ್ಲಿ ಯೆಹೂದದ 46 ಪಟ್ಟಣ ಹಿಡಿದೆ, ಅಲ್ಲಿನ ಅರಸ ಹಿಜ್ಕೀಯನನ್ನು ಪಂಜರದ ಹಕ್ಕಿಯಂತೆ ಕೂಡಿಹಾಕಿದೆ ಅಂತ ಬರೆಸಿಕೊಂಡಿದ್ದಾನೆ. ಯೆರೂಸಲೇಮನ್ನು ಹಿಡಿದೆ ಅಂತ ಮಾತ್ರ ಬರೆಸಿಲ್ಲ. ಅದನ್ನು ಬೇರೆ ಚೌಕಟ್ಟಿನಲ್ಲಿ, ಬೇರೆ ಬಣ್ಣದಲ್ಲಿ ಕೊಟ್ಟಿದ್ದಾರೆ. ವಚನ ಒಂದು ಕಡೆ, ಶಾಸನ ಒಂದು ಕಡೆ. ಓದಿ ಖುಷಿಯಾಯಿತು. ಅಲ್ಲಿ ಬಂದ ಶಿಸ್ತು ಜೋಯಿಸರ ಪಾಠಕ್ಕೆ ಯಾಕೆ ಬರಲಿಲ್ಲ?

ತಂಗಿ ಅಂದಳು, "ಅಕ್ಕ, ಮಕ್ಕಳಿಗೆ ಕಥೆ ಸ್ವಾರಸ್ಯವಾಗಿರಬೇಕು. ನಂಬಿಕೆ ಮುಖ್ಯ, ಮೂವರೋ ಮೂವತ್ತೋ ಏನಾಯ್ತು?" ಸ್ವಾರಸ್ಯಕ್ಕೆ ನನ್ನ ಅಡ್ಡಿ ಇಲ್ಲ. ನಮ್ಮನೆ ಕ್ರಿಸ್‌ಮಸ್ ಗೋದಲಿಯಲ್ಲೂ ಮೂರು ಗೊಂಬೆಗಳೇ ಇವೆ, ಈ ಡಿಸೆಂಬರ್‌ನಲ್ಲೂ ಇಡುತ್ತೇನೆ. ಅದು ಸಂಪ್ರದಾಯ, ನನಗೂ ಪ್ರೀತಿ. ಆದರೆ ಹೊದಿಕೆ ಮೇಲೆ 'ಇತಿಹಾಸ' ಅಂತ ಬರೆದು, ಕೀ ಕೊಟ್ಟು, ಅಂಕ ಕಳೆದರೆ ಅದು ಕಥೆಯಲ್ಲ. ಎಷ್ಟೋ ಜನ ಇಷ್ಟಕ್ಕೇ ತಲೆ ಕೆಡಿಸಿಕೊಳ್ಳಬೇಡ ಅನ್ನುತ್ತಾರೆ. ನನಗೆ ಆಗುವುದಿಲ್ಲ. ಕಾರಣ ಹೇಳಿಬಿಡುತ್ತೇನೆ.

ಸಂಡೇ ಸ್ಕೂಲಿನಲ್ಲಿ ನಾನು ಮೊದಲ ಸಲ ಕ್ರಿಸ್‌ಮಸ್ ನಾಟಕ ಮಾಡಿಸಿದ ವರ್ಷ ಒಬ್ಬ ಹುಡುಗ ಇದೇ ಪ್ರಶ್ನೆ ಕೇಳಿದ್ದ. "ಟೀಚರ್, ಮೂವರು ರಾಜರು ಅಂತ ಎಲ್ಲಿದೆ?" ನಾಟಕಕ್ಕೆ ಮೂರು ಕಿರೀಟ ರೆಡಿಯಾಗಿದ್ದವು. "ಸುಮ್ನೆ ಕೂತ್ಕೋ" ಅಂದಿದ್ದೆ. ಈಗ ಅವನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಹೋದ ವರ್ಷ ಒಂದು ಮದುವೆಯಲ್ಲಿ ಸಿಕ್ಕಿದ್ದ. "ಅದು ಇಲ್ಲ ಅಂತ ಗೊತ್ತಾದ ಮೇಲೆ ಉಳಿದದ್ದೂ ಹೀಗೇ ಇರಬಹುದು ಅನ್ನಿಸಿಬಿಟ್ಟಿತು ಟೀಚರ್" ಅಂದ. ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದೇ ನನ್ನನ್ನು ಜಾಸ್ತಿ ಸುಟ್ಟಿತು. ಆ ರಾತ್ರಿ ತುಂಬಾ ಅತ್ತೆ.

ಈಗ ಮತ್ತೊಂದು ಮಗು ಅದೇ ವಚನದ ಮೇಲೆ ಬೆರಳಿಟ್ಟು ನನ್ನ ಮುಖ ನೋಡುತ್ತಿತ್ತು. ಈ ಸಲ ಸುಮ್ಮನೆ ಕೂರಿಸುವುದಕ್ಕೆ ನನ್ನಿಂದ ಆಗಲಿಲ್ಲ. "ನೀನು ಬರೆದಿದ್ದೇ ಸರಿ ಪುಟ್ಟ" ಅಂದೆ. ತಂಗಿಯೂ ಮತ್ತಾಯ ಓದಿದಳು. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೆಂಪು ಗೀಟನ್ನು ಹೊಡೆದು ಹಾಕಿ ಇಪ್ಪತ್ತು ಅಂತ ತಿದ್ದಿದಳು. ಮಗು ನನ್ನ ಪೆನ್ಸಿಲ್ ಕಿತ್ತುಕೊಂಡು ಕೀ ಪಕ್ಕದಲ್ಲಿ ಬರೆದಳು: 'ಮತ್ತಾಯ 2 ಓದಿ.'

ಚಿಕ್ಕಮಗಳೂರು, ಹಾಸನದ ಕಡೆ ಮನೆಯಲ್ಲೇ ಪಾಠ ಮಾಡುವವರು, ಸಂಡೇ ಸ್ಕೂಲಿನವರು ಇದನ್ನು ಓದುತ್ತಿದ್ದರೆ, ಕೀ ನೋಡುವ ಮೊದಲು ವಚನ ನೋಡಿ. ನಾನು ಗುರುತು ಹಾಕಿದ ಪುಟಗಳ ಪಟ್ಟಿ ಇದೆ, ಬೇಕಾದವರು ಮೆಸೇಜ್ ಮಾಡಿ. ಎರಡನೇ ಭಾಗ ಮುಂದಿನ ವಾರ ಕೊರಿಯರ್‌ನಲ್ಲಿ ಬರುತ್ತದಂತೆ. ಪೆನ್ಸಿಲ್ ತಗೊಂಡು ಮತ್ತೆ ಮೂಡಿಗೆರೆಗೆ ಹೋಗುತ್ತೇನೆ.