‘ಹಿ ಬಿ ವರ್ಕಿಂಗ್’ ತಪ್ಪು ಇಂಗ್ಲಿಷಲ್ಲ

ಸಿನಿಮಾದಲ್ಲೋ ವೆಬ್ ಸೀರೀಸಿನಲ್ಲೋ ಅಮೆರಿಕದ ಕಪ್ಪು ಜನರ ಆಡುಮಾತು ಕಿವಿಗೆ ಬಿದ್ದ ಕೂಡಲೇ ‘ಗ್ರಾಮರೇ ಇಲ್ಲ’ ಅಂತ ನಗೋರು ನಮ್ಮಲ್ಲಿ ತುಂಬಾ ಜನ. ನಗೋರು ನಗಲಿ. ಕನ್ನಡ ಸಬ್‌ಟೈಟಲ್ ಬರೆಯೋರೂ ಹಾಗೇ ಅಂದುಕೊಂಡರೆ ಮಾತ್ರ ಅರ್ಥವೇ ಕೆಡುತ್ತೆ.

ಆ ಆಡುಮಾತಲ್ಲಿ ‘ಹಿ ವರ್ಕಿಂಗ್’ ಅಂದ್ರೆ ಈಗ ಕೆಲಸ ಮಾಡ್ತಿದ್ದಾನೆ. ‘ಹಿ ಬಿ ವರ್ಕಿಂಗ್’ ಅಂದ್ರೆ ಕೆಲಸ ಮಾಡ್ತಿರ್ತಾನೆ, ವಾಡಿಕೆಯಾಗಿ. ಈ ಗಳಿಗೆಯಲ್ಲಿ ಮನೇಲಿ ಮಲಗಿದ್ದರೂ ಆ ಮಾತು ಸುಳ್ಳಲ್ಲ. ಶಾಲೆಯ ಇಂಗ್ಲಿಷ್ ಇಲ್ಲಿ ‘ಯೂಶುವಲಿ’ ಅಂತ ಬೇರೆ ಸೇರಿಸಬೇಕು, ಕನ್ನಡಕ್ಕೆ ಆ ಕಷ್ಟವೂ ಇಲ್ಲ. ಇಷ್ಟಿದ್ದೂ ಎರಡಕ್ಕೂ ‘ಮಾಡುತ್ತಿದ್ದಾನೆ’ ಅಂತ ಬರೆಯೋದು ಶುದ್ಧ ಸೋಮಾರಿತನ. ಇನ್ನು ಇಂಗ್ಲಿಷಲ್ಲೇ ಡೈಲಾಗ್ ಬರೆಯೋರು ಕಂಡಕಂಡಲ್ಲಿ ‘ಬಿ’ ತುರುಕ್ತಾರೆ. ‘ಹಿ ಬಿ ವರ್ಕಿಂಗ್ ರೈಟ್ ನೌ’ ಅಂದ್ರೆ ಆ ಮಾತಾಡೋರಿಗೆ ತಕ್ಷಣ ಗೊತ್ತಾಗುತ್ತೆ, ಹೊರಗಿನವರು ಬರೆದದ್ದು ಅಂತ.

‘ಈಸ್’ ಬಿಡೋದಕ್ಕೂ ಲೆಕ್ಕಾಚಾರ ಇದೆ. ಭಾಷಾವಿಜ್ಞಾನಿ ವಿಲಿಯಂ ಲೆಬಾವ್ 1969ರಲ್ಲೇ ತೋರಿಸಿದ್ರು: ಶಿಷ್ಟ ಇಂಗ್ಲಿಷಲ್ಲಿ ‘ಹಿ ಈಸ್’ ಎಲ್ಲಿ ‘ಹೀಸ್’ ಅಂತ ಕುಗ್ಗುತ್ತೋ ಅಲ್ಲಿ ಮಾತ್ರ ಇವರು ಬಿಡಬಹುದು. ‘ಹಿ ಟಾಲ್’ ನಡೆಯುತ್ತೆ. ‘ಐ ನೋ ಹೌ ಟಾಲ್ ಹಿ ಈಸ್’ ಅನ್ನೋದರ ಕೊನೆಯ ‘ಈಸ್’ ತೆಗೆಯೋ ಹಾಗಿಲ್ಲ. ‘ಐ ಆ್ಯಮ್’ ಕುಗ್ಗಿ ‘ಐಮ್’ ಆಗುತ್ತೆ, ಆದ್ರೆ ಆ ‘ಮ್’ ಸಾಮಾನ್ಯವಾಗಿ ಉಳಿಯುತ್ತೆ. ಭೂತಕಾಲದ ‘ವಾಸ್’ ಕೂಡ ಉಳಿಯುತ್ತೆ.

ಎಲ್ಲಕ್ಕಿಂತ ಹೆಚ್ಚು ಎಡವೋದು ಒತ್ತಿ ಹೇಳುವ ‘ಬೀನ್’ ಹತ್ತಿರ. ‘ಶಿ ಬೀನ್ ಮ್ಯಾರೀಡ್’ ಅಂತ ‘ಬೀನ್’ ಮೇಲೆ ಒತ್ತು ಬಿದ್ದರೆ, ಮದುವೆಯಾಗಿ ಎಷ್ಟೋ ಕಾಲವಾಯ್ತು, ಈಗಲೂ ಗಂಡನ ಜೊತೆಗೇ ಇದ್ದಾಳೆ ಅಂತ. ಇನ್ನೊಬ್ಬ ಭಾಷಾವಿಜ್ಞಾನಿ ಜಾನ್ ರಿಕ್‌ಫರ್ಡ್ 1970ರ ದಶಕದಲ್ಲಿ ಇದನ್ನೇ ಕೇಳಿದಾಗ 25 ಕಪ್ಪು ಜನರಲ್ಲಿ 23 ಮಂದಿ ‘ಈಗಲೂ ಮದುವೆ ಇದೆ’ ಅಂದ್ರು, 25 ಬಿಳಿಯರಲ್ಲಿ 8 ಮಂದಿ ಮಾತ್ರ. ಇಂಗ್ಲಿಷ್ ಮನೆಮಾತಾದವರೇ ಎಡವೋ ಜಾಗ ಇದು. ಸ್ಕ್ರಿಪ್ಟ್ ಓದಿ ಸಬ್‌ಟೈಟಲ್ ಮಾಡಿದ್ರೆ ಒತ್ತು ಕಾಣೋದೇ ಇಲ್ಲ, ಆಡಿಯೊ ಕೇಳಲೇಬೇಕು. ‘ಮದುವೆ ಆಗಿತ್ತು’ ಅಂತ ಬರೆದ್ರೆ ಅವಳ ಸಂಸಾರವನ್ನೇ ಮುರಿದಂತೆ.

‘ಡೋಂಟ್ ನೋ ನಥಿಂಗ್’ (ಏನೂ ಗೊತ್ತಿಲ್ಲ) ಬಗ್ಗೆ ಹೆಚ್ಚು ಹೇಳೋದಿಲ್ಲ. ಎರಡು ‘ಇಲ್ಲ’ ಸೇರಿ ‘ಹೌದು’ ಆಗೋ ಗಣಿತ ಇಲ್ಲಿಲ್ಲ. ಹದಿನಾಲ್ಕನೇ ಶತಮಾನದ ಕವಿ ಚಾಸರನ ಇಂಗ್ಲಿಷಲ್ಲೂ ಇರಲಿಲ್ಲ.

ಇದನ್ನೆಲ್ಲ ಕನ್ನಡಕ್ಕೆ ತರೋವಾಗ ಹಕಾರ ತಿಂದು, ಮಂಡ್ಯದ ಮಾತು ಹಾಕಿ ‘ನೇಟಿವಿಟಿ’ ತರೋದು ನನಗಂತೂ ಒಪ್ಪಿಗೆಯಿಲ್ಲ. ಶಿಕಾಗೋದ ಹುಡುಗ ಮದ್ದೂರಿನವನಾಗ್ತಾನೆ, ಜೊತೆಗೆ ಮದ್ದೂರಿನವರ ಮಾತೂ ನಗೆಪಾಟಲು. ಸಾದಾ ಆಡುಗನ್ನಡ ಸಾಕು, ‘ಮಾಡ್ತಿದ್ದಾನೆ’, ‘ಮಾಡ್ತಿರ್ತಾನೆ’ ಅದಲುಬದಲಾಗದಿದ್ದರೆ.