ಟ್ರಿಗರ್ ಹಗುರವಾದಷ್ಟೂ ಗುರಿ ನಿಖರವೇ? ಒಂದು ಸ್ಪಷ್ಟನೆ

ಬೀದರ್, ಕಲಬುರಗಿ ಭಾಗದ ಬೆಳೆ ರಕ್ಷಣೆಯ ಬಂದೂಕು ಪರವಾನಗಿದಾರರ ನಡುವೆ, ‘ರೈಫಲ್ ಟ್ರಿಗರಿನ ಎಳೆತವನ್ನು 500 ಗ್ರಾಂಗೆ ಇಳಿಸಿದರೆ ಗುರಿ ತಪ್ಪದು, ಸ್ಪ್ರಿಂಗ್ ಕತ್ತರಿಸಿದರೆ ಸಾಕು’ ಎಂಬ ವಾಟ್ಸ್ಆ್ಯಪ್ ಸಂದೇಶ ಹರಿದಾಡುತ್ತಿದೆ. ಇದರಲ್ಲಿ ಅರ್ಧ ಸತ್ಯವಿದೆ, ಉಳಿದರ್ಧ ಅಪಾಯಕಾರಿ.

ಎಳೆತ, ಅಂದರೆ ಟ್ರಿಗರ್ ಎಳೆಯಲು ಬೇಕಾದ ಬಲ, ಹಗುರವಾದರೆ ನಳಿಕೆ ಕಡಿಮೆ ಅಲುಗುತ್ತದೆ, ನಿಜ. ಆದರೆ 500 ಗ್ರಾಂ ಎಂಬುದು 10 ಮೀಟರ್ ಏರ್ ಪಿಸ್ತೂಲ್ ಸ್ಪರ್ಧೆಯ ಕನಿಷ್ಠ ಮಿತಿ. ಬೇಟೆ ರೈಫಲ್ಲುಗಳ ಎಳೆತ ಸಾಮಾನ್ಯವಾಗಿ 1.4ರಿಂದ 2.3 ಕಿಲೋದಷ್ಟಿರುತ್ತದೆ. ರಾತ್ರಿ ತೊಗರಿ ಹೊಲದಲ್ಲಿ ಚಳಿಗೆ ಮರಗಟ್ಟಿದ ಬೆರಳಿಗೆ ಆ ಬಿಗಿಯೇ ರಕ್ಷಣೆ. ನನ್ನ ಮಟ್ಟಿಗೆ, ಎಳೆತದ ತೂಕಕ್ಕಿಂತ ಟ್ರಿಗರ್ ಜಾರದೆ, ತೊಡರದೆ ಒಮ್ಮೆಲೇ ಬಿಡುಗಡೆಯಾಗುವುದೇ ಮುಖ್ಯ.

ಸ್ಪ್ರಿಂಗ್ ಕತ್ತರಿಸಿದಾಗ ಗುಂಡು ಸಿಡಿಸುವ ಪಿನ್ನನ್ನು ತಡೆದಿಡುವ ಒಳಗಿನ ಕೊಂಡಿಯ ಹಿಡಿತ ಸಡಿಲಗೊಂಡು, ಬೋಲ್ಟ್ (ನಳಿಕೆಯ ಹಿಂಬದಿಯನ್ನು ಮುಚ್ಚುವ ಭಾಗ) ಜೋರಾಗಿ ಮುಚ್ಚಿದರೂ ಬಂದೂಕು ಕೈಜಾರಿ ಬಿದ್ದರೂ ಗುಂಡು ಹಾರಬಹುದು. ಬೇರೆ ತಯಾರಕರ ಬದಲಿ ಟ್ರಿಗರ್ ಕೂಡ ಆಯಾ ಮಾದರಿಗೆ ಹೊಂದುವಂಥದ್ದೇ ಆಗಿರಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಬಂದೂಕು ದುರಸ್ತಿ ವೃತ್ತಿಗೂ ಪರವಾನಗಿ ಬೇಕಾದ್ದರಿಂದ, ಆ ಕೆಲಸವನ್ನು ಪರವಾನಗಿ ಇರುವವರಿಂದಲೇ ಮಾಡಿಸತಕ್ಕದ್ದು.

ಅಂದಹಾಗೆ, ಬಂದೂಕು ಪರವಾನಗಿಯೇ ಬೇಟೆಯ ಅನುಮತಿಯಲ್ಲ. ಬೀದರಿನ ಹೊಲಗಳಿಗೆ ಬರುವ ಕೃಷ್ಣಮೃಗವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ, ಅಂದರೆ ಅತಿ ಹೆಚ್ಚಿನ ರಕ್ಷಣೆ ಪಡೆದ ಪ್ರಾಣಿಗಳ ಪಟ್ಟಿಯಲ್ಲಿದೆ.